ಮನೆ ಯಾರ ಹೆಸರಿಗೆ

ಗಂಡನ ಏಟು ತಾಳಲಾರದೆ ತವರು ಸೇರಿದ್ದ ಸೊಸೆಯ ಮುಂದೆ ಮುದುಕಿ ಸೆರಗೊಡ್ಡಿ ನಿಂತಳು.

"ಸರ್ಕಾರದ ಮನೆ ಹೆಂಡ್ತಿ ಹೆಸರಿಗೇ ಕೊಡೋದಂತೆ ಕಣವ್ವ. ಬ್ಯಾಂಕಿನೋರೂ ನಿನ್ನ ಗಾರ್ಮೆಂಟ್ಸ್ ಸಂಬಳ ನೋಡೇ ಸಾಲ ಕೊಡ್ತಾರಂತೆ. ನೀನು ಸಹಿ ಹಾಕದಿದ್ರೆ ನಾನು ಆ ಮೋರಿ ಪಕ್ಕದ ಶೆಡ್ಡಲ್ಲೇ ಸಾಯಬೇಕು."

"ನಿಮ್ಮ ಮಗ ಕಳಿಸಿದ್ನಾ, ಅತ್ತೆ?"

ಮುದುಕಿ ಬಾತುಕೊಂಡಿದ್ದ ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡಳು. ಸೊಸೆ ಅದನ್ನು ನೋಡಿದಳು.

"ನಡೀರಿ, ಹಾಕ್ತೀನಿ."

ಗೃಹಪ್ರವೇಶದ ದಿನ ಸೊಸೆ ಬೀಗ ತೆಗೆದದ್ದೇ ತಡ, "ಬೀಗದಕೈ ಇಲ್ಲಿ ಕೊಡೇ!" ಎಂದು ಮಗ ಕೈಯೆತ್ತಿದ. ಮುದುಕಿ ಅಭ್ಯಾಸದಂತೆ ಕಣ್ಣು ಮುಚ್ಚಿಕೊಂಡಳು. ಯಾರೋ ರಟ್ಟೆ ಹಿಡಿದು ಎಳೆದಂತಾಯಿತು.

ಕಣ್ಣು ಬಿಟ್ಟಾಗ ಅವಳು ಸೊಸೆಯ ಜೊತೆ ಒಳಗಿದ್ದಳು, ಚಿಲಕ ಬಿದ್ದಿತ್ತು, ಮಗ ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದ.