ತಿಳಿಯಾದ ಸೀಸೆ

ಟೈಟಾನಿಯಂ ಆಕ್ಸೈಡನ್ನು ನೀರಿನಲ್ಲಿ ಕರಗಿಸಬೇಕು, ಕಸ್ತೂರಿಯ ಪಿಎಚ್.ಡಿ. ಎಂದರೆ ಅಷ್ಟೇ. ಆದರೆ ಪ್ರತಿ ಸಲವೂ ಸೀಸೆಯಲ್ಲಿನ ನೀರು ಮಜ್ಜಿಗೆಯಂತೆ ಬೆಳ್ಳಗಾಗುತ್ತಿತ್ತು. ಬೆಳ್ಳಗಾದದ್ದನ್ನು ಅಂದೇ ಸಂಜೆ ಚೆಲ್ಲಿ, ಸೀಸೆ ತೊಳೆದಿಟ್ಟೇ ಮನೆಗೆ ಹೋಗಬೇಕೆಂಬುದು ಗೈಡ್ ಹಾಕಿದ್ದ ಕಟ್ಟಳೆ. ಫೆಲೋಶಿಪ್ಪಿನ ಅವಧಿ ಮುಗಿಯುತ್ತ ಬಂದಿತ್ತು.

ರಜೆ ಮುಗಿಸಿ ಊರಿನಿಂದ ಬಂದು ಅವಳು ಲ್ಯಾಬಿನ ಬಾಗಿಲು ತೆರೆದಾಗ, ಹೋಗುವ ದಿನ ಬೆಳ್ಳಗಾಗಿದ್ದ ಸೀಸೆ ಮೇಜಿನ ಮೇಲೇ ಇತ್ತು. ಒಳಗಿನದು ಬಾವಿ ನೀರಿನಷ್ಟು ತಿಳಿಯಾಗಿತ್ತು. ಅವಳಿಗೆ ಸಂತೋಷವಾಗಲಿಲ್ಲ. ಏನೂ ಆಗಲಿಲ್ಲ.

ವಿದೇಶದ ಸಮ್ಮೇಳನದಿಂದ ಅಂದೇ ಮರಳಿದ್ದ ಗೈಡ್ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಲುಗಾಡಿಸಿದರು. ತಳದಿಂದ ಒಂದು ಕಣವೂ ಏಳಲಿಲ್ಲ.

"ಏನ್ ಹಾಕಿದಿ ಇದಕ್ಕ?"

"ಯಾವಾಗ್ಲೂ ಹಾಕೂದ ಹಾಕೇನ್ರಿ ಸರ್."

"ಮತ್ತ, ತಾನಾಗೇ ಕರಗ್ತೇನು?"

"ತೊಳೀಲಾರದ ಹೋಗಿದ್ನ್ರಿ. ಹಂಗ ನಿಂತು ನಿಂತು ಕರಗೇದ."

ಅವರು ಕುರ್ಚಿ ಎಳೆದು ಕೂತರು. ಇಷ್ಟು ವರ್ಷ ತಾವು ಸಿಂಕಿಗೆ ಚೆಲ್ಲಿಸಿದ್ದೆಲ್ಲ ಕಣ್ಣ ಮುಂದೆ ಬಂದಿರಬೇಕು. ಆಮೇಲೆ ಜೋರಾಗಿ ನಕ್ಕರು.

"ಎಂಥಾ ಚಲೋ ತಪ್ಪು ಮಾಡಿದಿ ನೋಡು! ನಾಳೆನ ಪೇಪರ್ ಬರಿಯೂಣು. ಅಲ್ಲಾ, ತೊಳಿಯೂದು ಹೆಂಗ ಮರತಿ? ನೀ ಎಂದೂ ಮರಿಯಾಕಿ ಅಲ್ಲ."

ಕಸ್ತೂರಿ ಸೀಸೆಯನ್ನು ಅವರ ಕೈಯಿಂದ ತೆಗೆದುಕೊಂಡು ಮುಚ್ಚಳ ಬಿಗಿ ಮಾಡಿದಳು.

"ಮರತಿಲ್ರಿ ಸರ್. ಕೈಯಾಗ ಬ್ರಷ್ ಹಿಡಿದಿದ್ನ್ರಿ. ಅವ್ವ ತೀರಿಕೊಂಡ್ಲು ಅಂತ ಫೋನ್ ಬಂತು."