ಸಾವಿಗೆ ಹೆಬ್ಬೆಟ್ಟು

ಸ್ಟಾಫ್‌ರೂಮಿನಲ್ಲಿ ಫೋನು ತೆರೆದ ಬಸವೇಶ ಅದನ್ನು ಕಣ್ಣ ಹತ್ತಿರ ತಂದು ಮತ್ತೊಮ್ಮೆ ನೋಡಿದ.

ಸವಣೂರಿನ ಹಳೇ ಓಣಿಯವರ ವಾಟ್ಸಾಪ್ ಗುಂಪು ಅದು. ಚಾಂದಬಿ ತೀರಿಕೊಂಡ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ಮಗ ನಾಸೀರ ಅಳುತ್ತಲೇ ದನಿ ಮುದ್ರಿಸಿ ಕಳಿಸಿದ್ದ. "ನಮ್ಮ ಅಮ್ಮೀ ಹೋಗಿಬಿಟ್ರರಿ..." ಎನ್ನುವಷ್ಟರಲ್ಲಿ ಪೀರಿಯಡ್ಡಿನ ಗಂಟೆ ಹೊಡೆದಿತ್ತು. ಬಸವೇಶ ದನಿ ನಿಲ್ಲಿಸಿ, ಎಲ್ಲರ ಹಾಗೆ ತಾನೂ ಕೈಮುಗಿದ ಚಿತ್ರವೊಂದನ್ನು ಒತ್ತಿ ಕ್ಲಾಸಿಗೆ ಹೋಗಿದ್ದ.

ಈಗ ನೋಡಿದರೆ ಮುಗಿದ ಕೈಗಳ ಸಾಲಿನ ನಡುವೆ ಒಂದು ಹಳದಿ ಹೆಬ್ಬೆಟ್ಟು. ಕಳಿಸಿದವಳು ಅವನ ಅವ್ವ ವೀರವ್ವ.

ಸಾವಿನ ಸುದ್ದಿಗೆ ಶಹಬ್ಬಾಸ್! ಅವ್ವನಿಗೆ ಓದು ಬಾರದು, ನಿಜ. ಆದರೆ ಚಾಂದಬಿ ಎಂದರೆ ಗೋಡೆಗೆ ಗೋಡೆ ಹಚ್ಚಿ ಬಾಳಿದವಳು, ಬಸವೇಶನನ್ನು ಎತ್ತಿ ಆಡಿಸಿದವಳು. ತಾವು ಶಿಗ್ಗಾಂವಿಗೆ ಮನೆ ಬದಲಿಸಿದ ಮೇಲೆ ಓಣಿಯಲ್ಲಿ ಉಳಿದಿದ್ದ ಒಂದಿಷ್ಟು ಮಾನವೂ ಮೂರಾಬಟ್ಟೆಯಾಯಿತು.

ಮನೆಗೆ ಫೋನು ಹಚ್ಚಿದ. ಅವ್ವ ಎತ್ತಲಿಲ್ಲ. ಕೊನೆಗೆ ಗುಂಪಿನಲ್ಲಿ ತಾನೇ ಬರೆದ: 'ಅವ್ವ ಓದು ಬರಹ ಬಾರದವಳು. ತಿಳಿಯದೆ ಒತ್ತಿದ್ದಾಳೆ. ದಯವಿಟ್ಟು ಕ್ಷಮಿಸಿ.'

ನಾಸೀರನ ಇನ್ನೊಂದು ದನಿ ಬಂತು. ಬೈಗುಳವೇ ಇರಬೇಕು. ಕೇಳುವ ಧೈರ್ಯವಾಗಲಿಲ್ಲ. ಅದರ ಕೆಳಗೇ ಅವ್ವನ ಮತ್ತೊಂದು ಹೆಬ್ಬೆಟ್ಟು.

ಬಸವೇಶ ಹಣೆ ಚಚ್ಚಿಕೊಂಡ. ಅರ್ಧ ದಿನದ ರಜೆ ಹಾಕಿ ಬೈಕು ಹತ್ತಿದ. ಕಾಲು ಹಿಡಿದಾದರೂ ಸರಿ, ಕ್ಷಮೆ ಕೇಳಿಯೇ ಬರಬೇಕು. ಸವಣೂರು ಮುಟ್ಟುವವರೆಗೂ ಬೇರೆ ಯೋಚನೆಯೇ ಹುಟ್ಟಲಿಲ್ಲ. ಸತ್ತವಳ ನೆನಪು ಕೂಡ ಬರಲಿಲ್ಲ.

ಪೆಂಡಾಲಿನಡಿ ಬಂಕಾಪುರದ ಬೀಗರು ಒಂದಿಷ್ಟು ಮಂದಿ ಕೂತಿದ್ದರು. ಹಳೇ ಓಣಿಯ ಮುಖ ಒಂದೂ ಕಾಣಲಿಲ್ಲ. ಬಸವೇಶ ನಾಸೀರನ ಕೈ ಹಿಡಿದುಕೊಂಡ.

"ತಪ್ಪಾತಪಾ ನಾಸೀರ. ಅವ್ವಗ ತಿಳಿಯಂಗಿಲ್ಲ. ಆ ಹೆಬ್ಬೆಟ್ಟು ಮನಸಿಗೆ ಹಚ್ಕೋಬ್ಯಾಡ."

ನಾಸೀರ ಕೆಂಪಾದ ಕಣ್ಣು ಒರೆಸಿಕೊಂಡು ಅವನನ್ನೇ ನೋಡಿದ. "ನಾ ಹೇಳಿದ್ದು ಪೂರಾ ಕೇಳಿಲ್ಲೇನಣ್ಣಾ?" ಎಂದು ಒಳಬಾಗಿಲಿನ ಕಡೆ ಕೈ ತೋರಿಸಿದ.

ಒಳಗೆ, ನಾಸೀರನ ತಂಗಿ ನುಜಹತಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ವೀರವ್ವ ಕೂತಿದ್ದಳು.

"ಮಣ್ಣಿಗೆ ಬರೋರು ಹೆಬ್ಬೆಟ್ಟು ಒತ್ರಿ ಅಂತ ಎರಡು ಸಲ ಕೇಳಿದೆ," ಎಂದ ನಾಸೀರ. "ನಿಮ್ಮವ್ವಾರು ಒಬ್ರ ಒತ್ತಿದ್ರು. ಉಳದೋರೆಲ್ಲ ಕೈ ಮುಗದ್ರಿ."