ಹಳದಿ ದೀಪದ ಶಾಂತಿ

ಹಳೆಯ ಕಾರುಗಳ ಕಂಪ್ಯೂಟರಿಗೆ ಲ್ಯಾಪ್‌ಟಾಪ್ ಹಚ್ಚಿ ಹೊಸ ಪ್ರೋಗ್ರಾಂ ತುಂಬುವುದರಲ್ಲಿ ಮೆಕ್ಯಾನಿಕ್ ಶೇಖಪ್ಪನನ್ನು ಮೀರಿಸುವವರು ಊರಲ್ಲೇ ಇರಲಿಲ್ಲ. ಆದರೆ ಈಚೆಗೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿದವರೆಲ್ಲ ಅವನ ಗ್ಯಾರೇಜು ದಾಟಿಕೊಂಡು ಮೂಲೆಯ ಜ್ಯೋತಿಷಿಯ ಶೆಡ್ಡಿಗೆ ಹೋಗತೊಡಗಿದ್ದರು.

“ಅದು ಶನಿ ಕಾಟ ಅಂತ. ಗಾಡಿ ಒಳಗ ಬಿಟ್ಟು ಹೊರಗ ಕುಂತರ ಸಾಕು, ಪೂಜಿ ಗಂಟಿ ನಿಲ್ಲೂದರಾಗ ದೀಪ ಆರಿರ್ತದ” ಎಂದ ಹಳೇ ಗಿರಾಕಿಯೊಬ್ಬ.

“ಶನಿಗೆ ಬ್ಯಾರೆ ಉದ್ಯೋಗ ಇಲ್ಲೇನು, ಡೀಸೆಲ್ ಗಾಡಿಗೆ ಗಂಟು ಬೀಳಾಕ?” ಎಂದು ಶೇಖಪ್ಪ ರೇಗಿದ.

ಮರುದಿನ ಅವನ ಸ್ವಂತ ಕಾರಿನಲ್ಲೇ ಆ ದೀಪ ಹತ್ತಿತು. ಎಷ್ಟು ಸಲ ಪ್ರೋಗ್ರಾಂ ತುಂಬಿದರೂ ಆರಲಿಲ್ಲ.

“ಶನಿಗೆ ನಿಮ್ಮ ಮಾತು ಕೇಳಿಸ್ತು ನೋಡ್ರಿ” ಎಂದು ಹೆಂಡತಿ ನಕ್ಕಳು.

ಕೊನೆಗೆ ಶೇಖಪ್ಪ ಗುರುತು ಸಿಗದ ಹಾಗೆ ಮುಖಕ್ಕೆ ಟವೆಲ್ ಸುತ್ತಿಕೊಂಡು, ತನ್ನ ಕಾರನ್ನೂ ಜ್ಯೋತಿಷಿಯ ಬಾಗಿಲಿನ ಸಾಲಿನಲ್ಲಿ ತಂದು ನಿಲ್ಲಿಸಿದ. ಸರದಿ ಬಂದಾಗ ಹೊರಗೆ ಕೂರಲು ಮನಸ್ಸಾಗದೆ ಕಾರಿನ ಜೊತೆ ತಾನೂ ಒಳಗೆ ನುಗ್ಗಿದ.

ಜ್ಯೋತಿಷಿ ಟವೆಲ್ ಸರಿಸಿ ನೋಡಿದ. “ನೀ ಗ್ಯಾರೇಜ್ ಶೇಖಪ್ಪ ಅಲ್ಲೇನೋ?”

“ತಪ್ಪಾತ್ರೀ ಅಜ್ಜಾರ. ಶನಿ ಬಗ್ಗೆ ಹಗುರಾಗಿ ಮಾತಾಡಿದೆ. ಕೈ ಮುಗೀತೀನಿ, ಕಾಟ ಬಿಡಿಸ್ರಿ.”

ಜ್ಯೋತಿಷಿ ಬಾಗಿಲಿನ ಚಿಲಕ ಹಾಕಿ ಬಂದು, ಪೂಜೆಯ ಗಂಟೆಯನ್ನು ಅವನ ಕೈಗೆ ಕೊಟ್ಟ.

“ನಿನ್ನ ಸಾಫ್ಟ್‌ವೇರ್ ಹಳೇದಾಗೇದ. ಹೊರಗಿನವರಿಗೆ ಕೇಳೂ ಹಂಗ ನೀ ಗಂಟಿ ಬಾರಸ್ಕೋತ ನಿಂದ್ರು, ನಾ ಲ್ಯಾಪ್‌ಟಾಪ್ ಹಚ್ತೀನಿ.”